ಗಾನವೃಂದವನ್ನು ನಡೆಸುವ ಕೈ



ನವೆಂಬರ್ 22 ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಮ್ಮನವರ ಹಬ್ಬ. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ಗಾನವೃಂದದವರನ್ನು ಬಲಿಪೀಠದ ಮುಂದೆ ಕರೆದು, ಕೈಗೊಂದು ಹೂವು ಕೊಟ್ಟು, ಚಪ್ಪಾಳೆ ತಟ್ಟಿ, ಮಧ್ಯಾಹ್ನ ಊಟ ಹಾಕಿ ಕಳುಹಿಸುತ್ತೇವೆ. ವರ್ಷದ ಉಳಿದ ದಿನಗಳಲ್ಲಿ ಅವರ ನೆನಪಾಗುವುದು ಹಾಡು ಕೆಟ್ಟಾಗ ಮಾತ್ರ. ಆದ್ದರಿಂದ ಈ ಸಲದ ಹಬ್ಬಕ್ಕೆ ಆ ಸಂತಳ ಜೀವನ ಚರಿತ್ರೆಯನ್ನು ಮತ್ತೆ ಹೇಳುವ ಬದಲು, ಹಾಡುವವರ ಮತ್ತು ವಾದ್ಯ ನುಡಿಸುವವರ ಮುಂದೆ ನಿಂತು ಕೈಯಾಡಿಸುವ ಆ ಒಬ್ಬ ವ್ಯಕ್ತಿಯ ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನ್ನಿಸಿದೆ.

ಆ ವ್ಯಕ್ತಿಗೆ ಇಂಗ್ಲಿಷಿನಲ್ಲಿ ಕಂಡಕ್ಟರ್ ಎಂದು ಹೆಸರು. ಧರ್ಮೋಪದೇಶದ ತರಗತಿಯಲ್ಲಿ ಈ ಪದ ಹೇಳಿದರೆ ಮಕ್ಕಳ ಕಣ್ಣ ಮುಂದೆ ಬರುವವನು ಚೀಟಿ ಹರಿದು ಸೀಟಿ ಊದುವ ಬಸ್ಸಿನ ಕಂಡಕ್ಟರ್. ಹೋಲಿಕೆ ಪೂರ್ತಿ ತಪ್ಪೇನೂ ಅಲ್ಲ. ಬಸ್ಸು ಓಡಿಸುವವನು ಅವನಲ್ಲ. ಆದರೂ ಅವನ ಸೀಟಿ ಇಲ್ಲದೆ ಬಸ್ಸು ಹೊರಡುವುದಿಲ್ಲ, ನಿಲ್ಲುವುದೂ ಇಲ್ಲ. ಸಂಗೀತದ ಕಂಡಕ್ಟರನಿಗೆ ಸೀಟಿಯೂ ಇಲ್ಲ. ನೂರು ಮಂದಿಯ ನಡುವೆ ಒಂದಿಷ್ಟೂ ಸದ್ದು ಮಾಡದವನು ಅವನೊಬ್ಬನೇ. ನಾವು ಅವನನ್ನು ವೃಂದನಾಯಕ ಎಂದು ಕರೆಯೋಣ.

ಇದು ಪಾಶ್ಚಾತ್ಯರ ಹೊಸ ಶೋಕಿ ಎನ್ನುವವರು ಪವಿತ್ರ ಬೈಬಲನ್ನು ತೆರೆದು ನೋಡಲಿ. ಪೂರ್ವಕಾಲದ ಇತಿಹಾಸ ಗ್ರಂಥದ ಮೊದಲ ಭಾಗದ 15ನೇ ಅಧ್ಯಾಯದಲ್ಲಿ ದಾವೀದನು ಮಂಜೂಷವನ್ನು ತರುವಾಗ ಕೆನನ್ಯನೆಂಬ ಲೇವಿಯನಿಗೆ ಹಾಡಿಸುವ ಹೊಣೆ ವಹಿಸುತ್ತಾನೆ. ಕಾರಣ, ಅವನು ಆ ವಿದ್ಯೆಯಲ್ಲಿ ನಿಪುಣ. ಕಂಚಿನ ತಾಳ ಬಾರಿಸುವ ಕೆಲಸ ಹೇಮಾನ, ಆಸಾಫ, ಏತಾನ ಎಂಬ ಮೂವರದ್ದು. 25ನೇ ಅಧ್ಯಾಯದಲ್ಲಿ ತರಬೇತಿ ಪಡೆದ ಗಾಯಕರ ಲೆಕ್ಕವೇ ಇದೆ: 288 ಮಂದಿ. ಎರಡನೇ ಭಾಗದ 5ನೇ ಅಧ್ಯಾಯದಲ್ಲಿ ಸೊಲೊಮೋನನ ದೇವಾಲಯದ ಪ್ರತಿಷ್ಠೆಯ ದಿನ 120 ಯಾಜಕರು ತುತೂರಿ ಊದುತ್ತಾರೆ, ಗಾಯಕರು ಹಾಡುತ್ತಾರೆ, ಎಲ್ಲವೂ ಒಂದೇ ಸ್ವರವಾಗಿ ಕೇಳಿಸಿದಾಗ ಆಲಯವು ಮೇಘದಿಂದ ತುಂಬುತ್ತದೆ. 120 ತುತೂರಿಗಳು ಒಂದೇ ಸ್ವರವಾಗುವುದೆಂದರೆ ಏನೆಂಬುದು ಒಂದು ತುತೂರಿಯಿಂದ ಪಾಡು ಪಟ್ಟ ನಮಗೆ ಚೆನ್ನಾಗಿ ಗೊತ್ತು.

ಆ ಕಥೆ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ, ನಾವು ಆಗ ಇದ್ದ ಧರ್ಮಕೇಂದ್ರದಲ್ಲಿ, ಪಾಸ್ಕ ಜಾಗರಣೆಯ ರಾತ್ರಿ. ಪವಿತ್ರ ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಗ್ಲೋರಿಯಾಕ್ಕೆ, ಅಂದರೆ ಮಹಿಮಾಗೀತೆಗೆ, ಮೊಳಗಬೇಕು; ವಾದ್ಯಗಳು ಎಚ್ಚೆತ್ತುಕೊಳ್ಳಬೇಕು. ಹಬ್ಬ ಜೋರಾಗಲಿ ಎಂದು ತೇರಿನ ಮೆರವಣಿಗೆಯ ಬ್ಯಾಂಡಿನಿಂದ ಒಬ್ಬ ಟ್ರಂಪೆಟ್ ವಾದಕರನ್ನು ನಾವೇ ಕರೆಸಿದ್ದೆವು. ಕೀಬೋರ್ಡ್ ನುಡಿಸುವ ಹುಡುಗ ತನ್ನ ಹಾಳೆಯ ಇನ್ನೊಂದು ಪ್ರತಿಯನ್ನು ಅವರಿಗೆ ಕೊಟ್ಟ. ಹಾಡು ಡಿ ಶ್ರುತಿಯಲ್ಲಿತ್ತು. ಟ್ರಂಪೆಟ್ಟಿನ ಗುಣವೇನೆಂದರೆ, ಹಾಳೆಯಲ್ಲಿ ಬರೆದಿರುವುದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಅದು ಕೇಳಿಸುತ್ತದೆ. ಬಿ-ಫ್ಲಾಟ್ ವಾದ್ಯವೆಂದು ಅದನ್ನು ಕರೆಯುವುದು ಅದಕ್ಕೇ. ಅಭ್ಯಾಸದಲ್ಲಿ ಅಪಸ್ವರ ಬಂದೊಡನೆ ಹುಡುಗ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು ಎರಡು ಸಲ ಒತ್ತಿ ಕೆಳಗಿಳಿಸಿದ. ಸರಿಹೋಯಿತು. ಎಲ್ಲರೂ ಮನೆಗೆ ಹೋದೆವು.

ಜಾಗರಣೆಯ ಆರಂಭದಲ್ಲಿ ದೇವಾಲಯ ಕತ್ತಲಾಗಿರಬೇಕಲ್ಲವೇ? ಕಪ್ಯಾರನು ಮೇನ್ ಸ್ವಿಚ್ಚನ್ನೇ ಆರಿಸಿದ. ದೀಪಗಳು ಮರಳಿ ಬಂದಾಗ ಕೀಬೋರ್ಡೂ ಮರಳಿ ಬಂತು, ಆದರೆ ಟ್ರಾನ್ಸ್‌ಪೋಸ್ ಸೊನ್ನೆಗೆ ಹೋಗಿತ್ತು. ನಾವು ಪೀಠದಿಂದ ಗ್ಲೋರಿಯಾ ಎತ್ತಿಕೊಟ್ಟೆವು. ಗಂಟೆ ಮೊಳಗಿತು. ಕೀಬೋರ್ಡ್ ಡಿಯಲ್ಲಿ, ಟ್ರಂಪೆಟ್ ಸಿಯಲ್ಲಿ. ಕೀಬೋರ್ಡಿನ ಪಕ್ಕದ ಹೆಂಗಸರು ಅದರ ಜೊತೆ, ಟ್ರಂಪೆಟ್ಟಿನ ಪಕ್ಕದ ಗಂಡಸರು ಅದರ ಜೊತೆ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮೂವತ್ತು ವರ್ಷದಿಂದ ಹಾಡಿಸುತ್ತಿದ್ದ ಮೇಷ್ಟ್ರು ಅಟ್ಟದ ಕಟಕಟೆಯ ಮೇಲೆ ಬೆರಳಿನಿಂದ ತಾಳ ಬಡಿಯುತ್ತಲೇ ಇದ್ದರು. ಗ್ಲೋರಿಯಾ ಮುಗಿಯುವ ತನಕ ಹಾಗೆಯೇ ನಡೆಯಿತು.

ಪೂಜೆ ಮುಗಿದ ಮೇಲೆ ಸಾಕ್ರಿಸ್ಟಿಯಲ್ಲಿ, ನಾಲ್ಕು ಜನರ ಎದುರಿಗೆ, ನಾವು ಮೇಷ್ಟ್ರಿಗೆ ಒಂದು ಮಾತು ಅಂದೆವು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಉತ್ಥಾನದ ರಾತ್ರಿ ಆಡುವ ಮಾತಾಗಿರಲಿಲ್ಲ. ಮೇಷ್ಟ್ರು ಏನೂ ಹೇಳದೆ ಹಾಡಿನ ಪುಸ್ತಕಗಳನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದರು. ಮೂರು ಭಾನುವಾರ ಬರಲಿಲ್ಲ. ಕೀಬೋರ್ಡಿನ ಹುಡುಗನೂ ಬರಲಿಲ್ಲ. ನಾಲ್ಕನೆಯ ವಾರ ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಕಾಫಿ ಕೊಟ್ಟರು. “ಫಾದರ್, ತಪ್ಪು ಯಾರದ್ದೆಂದು ನನಗೆ ಈಗಲೂ ಗೊತ್ತಾಗಿಲ್ಲ” ಎಂದರು. ನಮಗೂ ಗೊತ್ತಿರಲಿಲ್ಲ. ಸೆಮಿನರಿಯಲ್ಲಿ ನಾವು ಹಾಡಲು ಕಲಿತಿದ್ದೆವು, ಸ್ವಲ್ಪ ಹಾರ್ಮೋನಿಯಂ ಕಲಿತಿದ್ದೆವು. ಹಾಡಿಸುವುದು ಬೇರೆಯೇ ವಿದ್ಯೆ ಎಂಬುದು ತಲೆಗೆ ಹೋಗಿರಲಿಲ್ಲ. ಆ ಬೇಸಿಗೆಯಲ್ಲಿ, ನಲವತ್ತು ದಾಟಿದ ಮೇಲೆ, ನಗರದ ಒಬ್ಬ ಹಿರಿಯ ಸಂಗೀತ ಶಿಕ್ಷಕರ ಬಳಿ ನಾವು ವಿದ್ಯಾರ್ಥಿಯಾಗಿ ಕುಳಿತೆವು.

ಮೊದಲ ಪಾಠವೇ ನಮ್ಮ ಗರ್ವವನ್ನು ಇಳಿಸಿತು. ನಮ್ಮ ನಾಡಿನವರಿಗೆ ತಾಳ ಗೊತ್ತು. ಆದಿತಾಳದ ಎಂಟು ಅಕ್ಷರಗಳನ್ನು ಒಂದು ಪೆಟ್ಟು, ಮೂರು ಬೆರಳೆಣಿಕೆ, ಬಳಿಕ ಎರಡು ಸಲ ಪೆಟ್ಟು ಮತ್ತು ಹುಸಿ, ಹೀಗೆ ಚಿಕ್ಕ ಮಕ್ಕಳೂ ಹಾಕುತ್ತಾರೆ. ಪಾಶ್ಚಾತ್ಯ ಪದ್ಧತಿಯಲ್ಲೂ ಕೈಗೆ ದಾರಿಗಳಿವೆ. ಎರಡರ ತಾಳಕ್ಕೆ ಕೆಳಗೆ, ಮೇಲೆ. ಮೂರರ ತಾಳಕ್ಕೆ ಕೆಳಗೆ, ಬಲಕ್ಕೆ, ಮೇಲೆ. ನಾಲ್ಕರ ತಾಳಕ್ಕೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ. ಮೊದಲ ಪೆಟ್ಟು ಯಾವಾಗಲೂ ಕೆಳಗೆ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ನಾವೂ ಕಲಿತು ಬೀಗಿದೆವು. ಆಗ ಗುರುಗಳು ಕೇಳಿದರು: “ಪೆಟ್ಟು ಬಿದ್ದ ಮೇಲೆ ಅವರಿಗೆ ಗೊತ್ತಾದರೆ ಏನು ಪ್ರಯೋಜನ? ಬೀಳುವ ಮೊದಲು ಗೊತ್ತಾಗಬೇಕು.”

ಇದೇ ಈ ವಿದ್ಯೆಯ ಮೂಲ. ತಾಳ ಹಾಕುವ ಕೈ ಈಗ ಎಲ್ಲಿದ್ದೇವೆಂದು ಹೇಳುತ್ತದೆ. ವೃಂದನಾಯಕನ ಕೈ ಮುಂದೆ ಏನು ಬರುತ್ತದೆಂದು ಹೇಳುತ್ತದೆ. ಹಾಡು ಶುರುವಾಗುವ ಒಂದು ಪೆಟ್ಟಿನ ಮುಂಚೆ ಅವನ ಕೈ ಮೇಲೇಳುತ್ತದೆ. ಆ ಏಳುವಿಕೆಯ ವೇಗವೇ ಹಾಡಿನ ವೇಗ, ಅದರ ಗಾತ್ರವೇ ದನಿಯ ಗಾತ್ರ. ಆ ಒಂದು ಪೆಟ್ಟಿನಲ್ಲಿ ಅವನೂ ಬಾಯಿ ತೆರೆದು ಉಸಿರೆಳೆದುಕೊಳ್ಳಬೇಕು. ಅವನು ಉಸಿರೆಳೆದರೆ ಎದುರಿಗಿರುವ ಮೂವತ್ತು ಮಂದಿಯೂ ತಮಗರಿವಿಲ್ಲದೆ ಉಸಿರೆಳೆಯುತ್ತಾರೆ. ಟ್ರಂಪೆಟ್ ಊದುವವನೂ ಎಳೆಯುತ್ತಾನೆ. ಪಿಟೀಲಿನವನ ಕಮಾನು ಮೇಲಕ್ಕೇಳುತ್ತದೆ. ನಮ್ಮ ದೇವಾಲಯಗಳಲ್ಲಿ “ಒನ್, ಟೂ, ತ್ರೀ” ಎಂದು ಮೈಕಿನಲ್ಲೇ ಕೇಳಿಸುವ ಆ ಎಣಿಕೆಯಿದೆಯಲ್ಲ, ಅದರ ಅಗತ್ಯವೇ ಬೀಳುವುದಿಲ್ಲ. ಈ ಒಂದು ಉಸಿರನ್ನು ಸರಿಯಾಗಿ ಕೊಡಲು ನಮಗೆ, ಕನ್ನಡಿಯ ಮುಂದೆ ನಿಂತು, ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು.

ಧರ್ಮಸಭೆಗೆ ಈ ಕೈಭಾಷೆ ಹಳೆಯದು. ಸ್ವರಗಳಿಗೆ ಹೆಸರು ಕೊಟ್ಟ ಅರೆಟ್ಸೊದ ಗ್ವೀಡೊ 11ನೇ ಶತಮಾನದ ಬೆನೆಡಿಕ್ಟೀನ್ ಸನ್ಯಾಸಿ. ಸ್ನಾನಿಕ ಯೊವಾನ್ನರ ಹಬ್ಬದ ಒಂದು ಲತೀನ್ ಗೀತೆಯಲ್ಲಿ ಪ್ರತಿ ಪಾದವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ಆರಂಭವಾಗುವುದನ್ನು ಗಮನಿಸಿ, ಆ ಮೊದಲ ಅಕ್ಷರಗಳನ್ನೇ ಸ್ವರಗಳ ಹೆಸರಾಗಿಸಿದರು. ಫ್ರಾನ್ಸಿನ ಸೊಲೆಮ್ ಮಠದಲ್ಲಿ ಆಂಡ್ರೆ ಮೊಕ್ರೊ ಎಂಬ ಸನ್ಯಾಸಿ ಗ್ರೆಗೋರಿಯನ್ ಗಾಯನಕ್ಕೆಂದೇ ಅಲೆಯಂತೆ ಏರಿಳಿಯುವ ಕೈಸನ್ನೆಯನ್ನು ಬೆಳೆಸಿದರು. ಅದರಲ್ಲಿ ಪೆಟ್ಟೇ ಇಲ್ಲ, ವಾಕ್ಯದ ಏರಿಳಿತವಷ್ಟೇ. ಕೈಯಲ್ಲಿ ಸಣ್ಣ ಕಡ್ಡಿ ಹಿಡಿಯುವ ರೂಢಿ ಬಲಗೊಂಡದ್ದು 19ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟುವುದೂ ಇತ್ತು. 1687ರ ಜನವರಿಯಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಕಾಯಿಲೆ ವಾಸಿಯಾದ ಕೃತಜ್ಞತೆಗೆ ತೆ ದೇಉಮ್ ಹಾಡಿಸುತ್ತಿದ್ದ ಲುಲ್ಲಿ ಎಂಬ ಸಂಗೀತಗಾರ ಆ ಕೋಲಿನಿಂದ ತನ್ನ ಕಾಲನ್ನೇ ಕುಟ್ಟಿಕೊಂಡ. ಗಾಯ ಕೊಳೆತು ಮಾರ್ಚಿನಲ್ಲಿ ತೀರಿಕೊಂಡ. ಕಟಕಟೆ ಬಡಿಯುವ ನಮ್ಮ ಮೇಷ್ಟ್ರಿಗೆ ಈ ಕಥೆ ಹೇಳಿದಾಗ ಅವರು ನಕ್ಕದ್ದು, ಆ ರಾತ್ರಿಯ ನಂತರ ನಾವು ಕಂಡ ಮೊದಲ ನಗು.

ಇನ್ನೊಂದು ಕಥೆ ಬೆರ್ಲಿಯೋಜನದು. ಅವನ ಮೃತರ ಬಲಿಪೂಜೆಯ ಸಂಗೀತ 1837ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಅಂವಾಲೀದ್ ದೇವಾಲಯದಲ್ಲಿ ನಡೆಯಿತು. ಕೊನೆಯ ತೀರ್ಪಿನ ತುತೂರಿ ಮೊಳಗುವ ಜಾಗದಲ್ಲಿ ನಾಲ್ಕು ಕಡೆಗಳಿಂದ ನಾಲ್ಕು ಹಿತ್ತಾಳೆ ವಾದ್ಯಗಳ ಗುಂಪುಗಳು ಒಮ್ಮೆಗೇ, ಹೊಸ ವೇಗದಲ್ಲಿ, ಎದ್ದು ನಿಲ್ಲಬೇಕು. ಸರಿಯಾಗಿ ಆ ಗಳಿಗೆಯಲ್ಲಿ ವೃಂದನಾಯಕ ಅಬೆನೆಕ್ ಕಡ್ಡಿ ಕೆಳಗಿಟ್ಟು ನಶ್ಯದ ಡಬ್ಬಿ ತೆಗೆದನಂತೆ. ಹಿಂದೆ ಕುಳಿತಿದ್ದ ಬೆರ್ಲಿಯೋಜ್ ನೆಗೆದು ಬಂದು ತಾನೇ ಕೈಯೆತ್ತಿ ಕಾಪಾಡಿದನಂತೆ. ಇದು ಬೆರ್ಲಿಯೋಜನೇ ತನ್ನ ಆತ್ಮಕಥನದಲ್ಲಿ ಬರೆದದ್ದು. ಸ್ವಲ್ಪ ಮಸಾಲೆ ಸೇರಿಸಿದ್ದಾನೆ ಎನ್ನುವವರೂ ಇದ್ದಾರೆ. ಆದರೆ ನಮ್ಮ ಜಾಗರಣೆಯ ರಾತ್ರಿ ನೆಗೆದು ಬರಲು ಯಾರಿಗೂ ಗೊತ್ತಿರಲಿಲ್ಲವಲ್ಲ ಎಂದು ಇದನ್ನು ಓದಿದಾಗ ನಮಗೆ ಹೊಳೆಯಿತು. ಒಂದು ಕೈ ಎದ್ದು, ಮುಷ್ಟಿ ಮುಚ್ಚಿ, ಎಲ್ಲರನ್ನೂ ನಿಲ್ಲಿಸಿ, ಮತ್ತೆ ಶ್ರುತಿ ಕೊಟ್ಟು ಆರಂಭಿಸಿದ್ದರೆ ಅರ್ಧ ನಿಮಿಷದ ಮುಜುಗರದಲ್ಲಿ ಮುಗಿಯುತ್ತಿತ್ತು.

ಪೆಟ್ಟು ಕಲಿತ ಮೇಲೆ ಮೇಲ್ಮಟ್ಟದ ಪಾಠ ಶುರು. ಬಲಗೈ ತಾಳ ಕೊಡುತ್ತಿರುವಾಗ ಎಡಗೈ ಅದರ ನೆರಳಾಗಿ ಆಡಬಾರದು. ಎಡಗೈಗೆ ಬೇರೆಯೇ ಕೆಲಸ: ಈ ಗುಂಪು ಈಗ ಬರಲಿ, ಆ ವಾದ್ಯ ಸ್ವಲ್ಪ ತಗ್ಗಲಿ, ಈ ಸ್ವರ ಇನ್ನೂ ನಿಲ್ಲಲಿ, ಇಲ್ಲಿ ಮುಗಿಯಲಿ. ಒಂದು ಕೈಯಲ್ಲಿ ಚಪಾತಿ ಲಟ್ಟಿಸುತ್ತಾ ಇನ್ನೊಂದರಲ್ಲಿ ಒಲೆಯ ಮೇಲಿನದನ್ನು ಮಗುಚುವ ನಮ್ಮ ತಾಯಂದಿರಿಗೆ ಇದು ಬೇಗ ಬರುತ್ತದೆಂದು ನಮ್ಮ ಅನುಭವ. ಗಂಡಸರು ಒದ್ದಾಡುತ್ತೇವೆ.

ಅದಕ್ಕಿಂತ ಕಷ್ಟ ಹಾಳೆಯನ್ನು ಓದುವುದು. ಹಾಡುವವನಿಗೆ ತನ್ನ ಸಾಲು ಸಾಕು. ವೃಂದನಾಯಕನು ನಾಲ್ಕು ದನಿಗಳ ನಾಲ್ಕು ಸಾಲು, ವಾದ್ಯಗಳ ಸಾಲು, ಎಲ್ಲವನ್ನೂ ಮೇಲಿನಿಂದ ಕೆಳಕ್ಕೆ ಒಟ್ಟಿಗೆ ಓದಿ, ಅಭ್ಯಾಸಕ್ಕೆ ಬರುವ ಮುಂಚೆಯೇ ಮನಸ್ಸಿನಲ್ಲಿ ಕೇಳಿಸಿಕೊಂಡಿರಬೇಕು. ಹಾಗೆ ಕೇಳಿಸಿಕೊಂಡಿಲ್ಲದವನಿಗೆ ತಪ್ಪು ಕೇಳಿಸುವುದೇ ಇಲ್ಲ. ಟ್ರಂಪೆಟ್ಟಿನ ಸಮಸ್ಯೆ ಇಲ್ಲೇ ಬಗೆಹರಿಯುವಂಥದ್ದು. ಡಿಯಲ್ಲಿರುವ ಹಾಡನ್ನು ಅವರಿಗೆ ಒಂದು ಸ್ವರ ಮೇಲೆ, ಇ ಯಲ್ಲಿ, ಬರೆದುಕೊಡಬೇಕು. ಆದರೆ ಇ ಎಂದರೆ ನಾಲ್ಕು ಶಾರ್ಪುಗಳು. ಮೆರವಣಿಗೆಯ ಬ್ಯಾಂಡಿನವರ ಬೆರಳಿಗೆ ಅದು ಒಗ್ಗುವುದಿಲ್ಲ. ಹಾಡನ್ನೇ ಅರ್ಧ ಸ್ವರ ಏರಿಸಿ ಇ-ಫ್ಲಾಟಿಗೆ ತಂದರೆ ಟ್ರಂಪೆಟ್ಟಿಗೆ ಎಫ್ ಬರುತ್ತದೆ, ಒಂದೇ ಒಂದು ಫ್ಲಾಟ್. ಆಗ ಹೆಂಗಸರ ಮೇಲಿನ ಸ್ವರ ಅರ್ಧ ಮೆಟ್ಟಿಲು ಏರಿತಲ್ಲ, ಅವರಿಗೆ ನಿಲುಕುತ್ತದೆಯೇ? ಇದನ್ನೆಲ್ಲ ತೂಗಿ ನೋಡುವವನೇ ನಾಯಕ. ಗುಂಡಿ ಒತ್ತಿದರೆ ಸಾಲದು.

ಜಾಗದ ಲೆಕ್ಕವೂ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗಾಯಕರು ಹಿಂದಿನ ಅಟ್ಟದಲ್ಲಿ, ವಾದ್ಯ ಪೀಠದ ಬಳಿ, ನಡುವೆ 30 ಮೀಟರ್ ಎಂದಿಟ್ಟುಕೊಳ್ಳಿ. ಒಬ್ಬರ ದನಿ ಇನ್ನೊಬ್ಬರಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ ನೂರು ಪೆಟ್ಟಿನ ಹಾಡಿನಲ್ಲಿ ಅದು ಪೆಟ್ಟಿನ ಆರನೇ ಒಂದು ಭಾಗ. ಇವರು ಅವರನ್ನು ಕೇಳಿಸಿಕೊಂಡು, ಅವರು ಇವರನ್ನು ಕೇಳಿಸಿಕೊಂಡು ಹಾಡಿದರೆ ಹಾಡು ಪ್ರತಿ ಸಾಲಿಗೂ ಹಿಂದೆ ಬೀಳುತ್ತದೆ. ನಮ್ಮ ಹಬ್ಬಗಳ ಹಾಡು ಎಳೆದಾಡುವುದಕ್ಕೆ ಭಕ್ತಿಯೇ ಕಾರಣವೆಂದು ನಾವು ತಿಳಿದಿದ್ದೆವು! ಕಿವಿಯನ್ನಲ್ಲ, ಕೈಯನ್ನು ಅನುಸರಿಸಿದರೆ ಈ ತೊಂದರೆ ಇಲ್ಲ. ಕಣ್ಣಿಗೆ ಕಾಣುವುದಕ್ಕೆ ತಡವಿಲ್ಲ.

ಕನ್ನಡದಲ್ಲಿ ಹಾಡಿಸುವವರಿಗೆ ಯಾವ ಪಾಶ್ಚಾತ್ಯ ಪುಸ್ತಕವೂ ಹೇಳಿಕೊಡದ ಒಂದು ಪಾಠವಿದೆ. ನಮ್ಮದು ಹ್ರಸ್ವ ದೀರ್ಘಗಳ ಭಾಷೆ. ಪರಭಾಷೆಯ ರಾಗಕ್ಕೆ ಕನ್ನಡ ಪದ ಕೂಡಿಸಿದಾಗ ಉದ್ದ ಸ್ವರ ಎಲ್ಲೋ ಬೀಳುತ್ತದೆ, ಅಕ್ಷರ ಎಲ್ಲೋ ಎಳೆಯುತ್ತದೆ. ನಾವಿದ್ದ ಒಂದು ಕಡೆ ಪರಮಪ್ರಸಾದದ ಮುಂಚಿನ ಗೀತೆಯಲ್ಲಿ “ಕುರಿಮರಿ” ಎಂಬ ಪದದ ಮೂರನೆಯ ಅಕ್ಷರಕ್ಕೆ ಎರಡು ಪೆಟ್ಟು ಸಿಕ್ಕಿತ್ತು. ವರ್ಷಾನುಗಟ್ಟಲೆ ಇಡೀ ಸಭೆ ಭಕ್ತಿಯಿಂದ “ಕುರಿ ಮಾರಿ” ಎಂದು ಹಾಡಿತು. ಪಾಪಪರಿಹಾರಕ್ಕೆ ಬಂದ ಕುರಿಮರಿಯನ್ನು ನಾವು ಪ್ರತಿ ಭಾನುವಾರ ಮಾರಿಬಿಡುತ್ತಿದ್ದೆವು. ಇಂಥ ಕಡೆ ನಾಯಕನು ಹಾಳೆಯನ್ನು ತಿದ್ದಬೇಕು: ಉದ್ದ ಸ್ವರವನ್ನು ಒಡೆದು ಮುಂದಿನ ಅಕ್ಷರಕ್ಕೆ ಹಂಚಬೇಕು, ಅಥವಾ ಅಲ್ಲಿ ಸಣ್ಣ ಉಸಿರು ಇಡಬೇಕು. “ಹಾಡು” ಎಂಬುದು ನಮ್ಮಲ್ಲಿ ಕೆಲವರ ಬಾಯಲ್ಲಿ “ಆಡು” ಆಗುತ್ತದೆ. ಹಕಾರಕ್ಕೆ ಗಾಳಿ ಬೇಕು, ಆ ಗಾಳಿಗೆ ಪೆಟ್ಟಿನ ಮುಂಚೆ ಜಾಗ ಬೇಕು. ವ್ಯಂಜನ ಪೆಟ್ಟಿಗಿಂತ ಮೊದಲು, ಸ್ವರ ಪೆಟ್ಟಿನ ಮೇಲೆ. ಇನ್ನು ಪದಗಳ ಕೊನೆ. “ಕರುಣೆ” ಎಂದು ಎಳೆದು ನಿಲ್ಲಿಸಿದಾಗ ಕೊಂಕಣಿ ಮನೆಯವರದ್ದು ಒಂದು ಎಕಾರ, ತಮಿಳು ಮನೆಯವರದ್ದು ಇನ್ನೊಂದು, ಹಳ್ಳಿಯಿಂದ ಬಂದವರದ್ದು ಮತ್ತೊಂದು. ಎಲ್ಲರ ಬಾಯಿಯ ಆಕಾರ ಒಂದೇ ಆದರೆ ಹನ್ನೆರಡು ಮಂದಿ ಮೂವತ್ತು ಮಂದಿಯಂತೆ ಕೇಳಿಸುತ್ತಾರೆ.

ಇದನ್ನು ಎಲ್ಲಿ ಕಲಿಯುವುದು ಎಂದು ಕೆಲವು ತಂದೆತಾಯಂದಿರು ಕೇಳುತ್ತಾರೆ. ರೋಮ್‌ನಲ್ಲಿ ಪೋಪ್ ಹತ್ತನೇ ಪಿಯೂಸರು ಸ್ಥಾಪಿಸಿದ, 1911ರಲ್ಲಿ ಆರಂಭವಾದ ಪವಿತ್ರ ಸಂಗೀತದ ವಿದ್ಯಾಪೀಠವಿದೆ. ಗೋವಾದ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವಿದೆ. ಲಂಡನ್ನಿನ ಸಂಗೀತ ಮಂಡಳಿಗಳ ಪರೀಕ್ಷೆಗಳು ನಮ್ಮ ನಗರಗಳಲ್ಲೂ ನಡೆಯುತ್ತವೆ, ಓದುವ ಬರೆಯುವ ಬುನಾದಿ ಅಲ್ಲಿ ಸಿಗುತ್ತದೆ. ಪಾಶ್ಚಾತ್ಯ ವಾದ್ಯವೃಂದ ಕನ್ನಡನಾಡಿಗೆ ಅಪರಿಚಿತವೇನಲ್ಲ: ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಂಘದ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರು, 1948ರಲ್ಲಿ. ದಸರೆಗೆ ಮೈಸೂರಿನಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವಾಗ ಮಕ್ಕಳನ್ನು ಮುಂದಿನ ಸಾಲಿಗೆ ಕರೆದೊಯ್ದು ಬ್ಯಾಂಡ್ ಮಾಸ್ಟರರ ಕೈಯನ್ನು ತೋರಿಸಿ.

ಆದರೆ ನಿಜವಾದ ಶಾಲೆ ಇನ್ನೊಬ್ಬ ನಾಯಕನ ಕೈಕೆಳಗೆ ಹಾಡುವುದು. ಮುಂಬಯಿಯ ಜುಬಿನ್ ಮೆಹ್ತಾ 1954ರಲ್ಲಿ, 18ನೇ ವಯಸ್ಸಿನಲ್ಲಿ, ವಿಯೆನ್ನಾಕ್ಕೆ ಹೋಗಿ ಹಾನ್ಸ್ ಸ್ವಾರೋವ್‌ಸ್ಕಿಯವರಲ್ಲಿ ಈ ವಿದ್ಯೆ ಕಲಿತರು. ದೊಡ್ಡ ನಾಯಕರು ಅಭ್ಯಾಸ ಮಾಡಿಸುವುದನ್ನು ನೋಡಲು ಹೊರಗಿನವರಿಗೆ ಬಿಡುತ್ತಿರಲಿಲ್ಲ. ಅದಕ್ಕಾಗಿ ಅವರೂ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಅವರೂ ಅಲ್ಲಿನ ಗಾಯಕವೃಂದದ ಮಂದ್ರ ದನಿಯ ಸಾಲಿಗೆ ಸೇರಿಕೊಂಡು, ಹಾಡುತ್ತಾ ಆ ಕೈಗಳನ್ನು ಕದ್ದು ಕಲಿತರು. ಇಬ್ಬರೂ ಮುಂದೆ ಜಗತ್ಪ್ರಸಿದ್ಧರಾದರು.

ನಾವು ಕಲಿತು ಬಂದು ಮೊದಲು ಮಾಡಿದ್ದು ತಪ್ಪನ್ನೇ. ಹೊಸ ವಿದ್ಯೆ ಅಲ್ಲವೇ? ಒಂದು ಕ್ರಿಸ್ತಜಯಂತಿಯ ಸಂಜೆಯ ಗೀತಗಾಯನದಲ್ಲಿ ನಾವೇ ಮುಂದೆ ನಿಂತು ಕೈ ಬೀಸಿದೆವು. ನಾಲ್ಕು ದನಿ, ಪಿಟೀಲು, ಕೊಳಲು, ಎಲ್ಲ ಚೆನ್ನಾಗಿ ಕೂಡಿಬಂತು. ಜನ ಮೆಚ್ಚಿದರು. ಆದರೆ ಬಾಯಿ ಬಿಡಲಿಲ್ಲ. ಪ್ರತಿ ವರ್ಷ ಗಂಟಲು ಬಿಚ್ಚಿ ಹಾಡುತ್ತಿದ್ದ ಅಜ್ಜಿಯರು ಕೈಕಟ್ಟಿ ಕುಳಿತು ನೋಡಿದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನವು ಗಾನವೃಂದಗಳನ್ನು ಬೆಳೆಸಬೇಕೆಂದು ಹೇಳುವಲ್ಲೇ, ಜನರ ಹಾಡನ್ನು ಕಿತ್ತುಕೊಳ್ಳಬಾರದೆಂದೂ ಹೇಳುತ್ತದೆ. 1967ರ ಸಂಗೀತದ ನಿರ್ದೇಶನವು ಗಾನವೃಂದ ಸಭೆಯ ಭಾಗವೇ ಎಂಬುದು ಕಣ್ಣಿಗೆ ಕಾಣುವ ಕಡೆ ಅದು ನಿಲ್ಲಬೇಕೆನ್ನುತ್ತದೆ. ಕಚೇರಿಯ ವೃಂದನಾಯಕನಿಗೂ ದೇವಾಲಯದ ವೃಂದನಾಯಕನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅವನ ಬೆನ್ನ ಹಿಂದಿರುವವರು ಶ್ರೋತೃಗಳು. ಇವನ ಬೆನ್ನ ಹಿಂದಿರುವವರೂ ಹಾಡುವವರೇ. ಪಲ್ಲವಿ ಬಂದಾಗ ಅವನು ತಿರುಗಿ ಅವರಿಗೂ ಆ ಒಂದು ಉಸಿರನ್ನು ಕೊಡಬೇಕು; ಕೊಟ್ಟ ಮೇಲೆ ಪಕ್ಕಕ್ಕೆ ಸರಿಯಬೇಕು.

ಹೇಗಿದ್ದರೂ ಬಲಿಪೂಜೆಯಲ್ಲಿ ನಮ್ಮ ಕೈಗಳಿಗೆ ಬೇರೆ ಕೆಲಸವಿದೆ. ಹಾಗಾಗಿ ಗಾನವೃಂದದಲ್ಲೇ ಇದ್ದ, ಆಗ ಪದವಿ ಓದುತ್ತಿದ್ದ ಒಬ್ಬ ಹುಡುಗಿಗೆ ನಮಗೆ ಬಂದಷ್ಟನ್ನು ಕಲಿಸಿ, ಮುಂದಿನದಕ್ಕೆ ನಮ್ಮ ಗುರುಗಳ ಬಳಿ ಕಳುಹಿಸಿದೆವು. ಮೇಷ್ಟ್ರ ಬಳಿ ಹೇಗೆ ಹೇಳುವುದೆಂದು ಎರಡು ವಾರ ಒದ್ದಾಡಿದೆವು. ಕೊನೆಗೆ ಹೇಳಿದಾಗ, “ಮೂವತ್ತು ವರ್ಷ ಹಾಡಿಸಿದ್ದೇನೆ ಫಾದರ್. ಒಂದು ಸಲವೂ ಸುಮ್ಮನೆ ನಿಂತು ಹಾಡಿಲ್ಲ” ಎಂದರು. ಅದು ಒಪ್ಪಿಗೆಯೋ ಬೇಸರವೋ ನಮಗೆ ತಿಳಿಯಲಿಲ್ಲ. ಮುಂದಿನ ಶನಿವಾರದ ಅಭ್ಯಾಸಕ್ಕೆ ಬಂದು ಗಂಡಸರ ಹಿಂದಿನ ಸಾಲಿನಲ್ಲಿ ನಿಂತರು. ಹುಡುಗಿ ಕೈಯೆತ್ತಿ ಉಸಿರೆಳೆದಳು. ಮೇಷ್ಟ್ರೂ ಉಸಿರೆಳೆದುಕೊಂಡರು.

ಮರುವರ್ಷದ ಜಾಗರಣೆಗೆ ಟ್ರಂಪೆಟ್ಟಿನವರಿಗೆ ಎಫ್‌ನಲ್ಲಿ ಬೇರೆ ಹಾಳೆ ಬರೆದುಕೊಟ್ಟವಳು ಅವಳೇ. ಕೀಬೋರ್ಡಿನ ಹುಡುಗ ಮರಳಿ ಬಂದಿದ್ದ. ಗುಂಡಿಗಳ ಪಕ್ಕದಲ್ಲಿ ಮೇಷ್ಟ್ರ ದುಂಡು ಅಕ್ಷರದ ಒಂದು ಚೀಟಿ ಅಂಟಿತ್ತು: “ಕರೆಂಟು ಹೋಗಿ ಬಂದರೆ ಟ್ರಾನ್ಸ್‌ಪೋಸ್ ನೋಡಿಕೋ. ಆಮೇಲೆ ಅವಳ ಕೈ ನೋಡು.”